ಹಡಿಲು ಗದ್ದೆಯ ನೀಲಿ ಹೂವು: ಎಲೆಯಿಲ್ಲ, ಬೇರಿಲ್ಲ, ಹಿಂದೆ ಬಾಲ ಇದೆ. ಇದ್ಯಾವ ಗಿಡ?

ಪ್ರಶ್ನೆ: ನಮಸ್ಕಾರ. ನಮ್ಮದು ಕಾರ್ಕಳ ತಾಲೂಕಿನ ಒಂದು ಹಳ್ಳಿ. ಮನೆ ಕೆಳಗಿನ ಮಜಲು ಗದ್ದೆ ಕೆಲವು ವರ್ಷದಿಂದ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ. ಈಗ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಅಲ್ಲೆಲ್ಲ ನೀಲಿ-ನೇರಳೆ ಬಣ್ಣದ ಪುಟ್ಟ ಹೂವು ಬಿಟ್ಟಿದೆ. ದಂಟು ದಾರದಷ್ಟು ತೆಳ್ಳಗಿದ್ದು ಹುಲ್ಲಿಗೆ ಸುತ್ತಿಕೊಂಡಿದೆ. ಎಷ್ಟು ಹುಡುಕಿದರೂ ಎಲೆ ಕಾಣಿಸಲಿಲ್ಲ. ಮಗಳು ಒಂದನ್ನು ಕಿತ್ತಳು, ಬೇರೂ ಬರಲಿಲ್ಲ. ಹೂವಿನ ಹಿಂದೆ ಚಿಕ್ಕ ಬಾಲ ಇದೆ. ಪಕ್ಕದ ಮನೆಯವರು ಇದು ನೆಲದ ಆರ್ಕಿಡ್ ಅಂತಾರೆ. ಮೊಬೈಲ್ ಆ್ಯಪ್ ಒಮ್ಮೆ ಟೊರೇನಿಯಾ ಅಂತು, ಇನ್ನೊಮ್ಮೆ ಬೇರೇನೋ ಹೇಳಿತು. ಇದು ನಮ್ಮ ಊರಿನದೇ ಗಿಡವಾ, ಹೊರಗಿಂದ ಬಂದ ಕಳೆಯಾ? ಬರುವ ವರ್ಷ ಮತ್ತೆ ಭತ್ತ ಹಾಕಬೇಕು ಅಂದುಕೊಂಡಿದ್ದೇವೆ, ಇದರಿಂದ ತೊಂದರೆ ಇದೆಯಾ? ಎರಡು ಫೋಟೋ ಕಳಿಸಿದ್ದೇನೆ.

ಉತ್ತರ: ನಮಸ್ಕಾರ. ಇದು ನಮ್ಮದೇ ಗಿಡ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ನೀರು ನಿಲ್ಲುವ ಗದ್ದೆಗಳಲ್ಲಿ, ಜೌಗು ಹುಲ್ಲುಗಾವಲಲ್ಲಿ ಬೆಳೆಯುವ ಕಾಡುಹೂವು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ಈ ಕುಲದ ಗಿಡಗಳಿಗೆ ಇಂಗ್ಲಿಷಿನಲ್ಲಿ ಬ್ಲ್ಯಾಡರ್‌ವರ್ಟ್ ಅನ್ನುತ್ತಾರೆ. ಕೇರಳದಲ್ಲಿ ಇದೇ ಹೂವು ಕಾಕ್ಕಪ್ಪೂವ್. ಓಣಂ ಹೊತ್ತಿಗೆ ಅರಳುವುದರಿಂದ ಅಲ್ಲಿ ಮಕ್ಕಳು ಗದ್ದೆಯಿಂದ ಕೊಯ್ದು ತಂದು ಹೂವಿನ ರಂಗೋಲಿಗೆ ಹಾಕುತ್ತಾರೆ. ಇನ್ನೊಂದು ವಿಷಯ ಕೇಳಿದರೆ ನಿಮ್ಮ ಮಗಳಿಗೆ ಖುಷಿಯಾಗಬಹುದು: ಇದು ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಅದರ ವಿವರ ಮುಂದೆ ಬರೆದಿದ್ದೇನೆ.

ನಿಜ ಹೇಳಬೇಕೆಂದರೆ, ಫೋಟೋಗಿಂತ ನೀವು ಬರೆದ ನಾಲ್ಕು ಸಾಲೇ ನನಗೆ ಜಾಸ್ತಿ ಹೇಳಿದವು. ಎಲೆ ಕಾಣಲಿಲ್ಲ, ಬೇರು ಬರಲಿಲ್ಲ, ಹಿಂದೆ ಬಾಲ ಇದೆ, ಹುಲ್ಲಿಗೆ ಸುತ್ತಿಕೊಂಡಿದೆ. ಎಲೆ-ಬೇರು ಸಿಗದ ಗಿಡವನ್ನು ಗುರುತಿಸುವುದು ಹೇಗೆ ಅಂತ ನೀವು ಬೇಜಾರು ಮಾಡಿಕೊಂಡ ಹಾಗಿದೆ. ಅವು ಸಿಗದೇ ಇರುವುದೇ ಇಲ್ಲಿ ಗುರುತು.

ನಿಮ್ಮ ಎರಡೂ ಫೋಟೋ ಹೂವಿನ ಎದುರಿನಿಂದ ತೆಗೆದದ್ದು. ಎಲ್ಲರೂ ಹಾಗೇ ತೆಗೆಯುತ್ತಾರೆ, ಯಾಕೆಂದರೆ ಹೂವು ಚಂದ ಕಾಣುವುದು ಎದುರಿನಿಂದಲೇ. ಆದರೆ ಎದುರಿನಿಂದ ನೋಡಿದರೆ ಒಂದು ನೀಲಿ ಎಸಳು, ನಡುವೆ ಒಂದು ಬಿಳಿ ಮಚ್ಚೆ, ಅಷ್ಟೇ. ಮಳೆಗಾಲದ ಗದ್ದೆಯಲ್ಲಿ ಹಾಗೆ ಕಾಣುವ ಹೂವು ಹತ್ತಾರು. ಆ್ಯಪ್ ತಪ್ಪಿದ್ದು ಅದಕ್ಕೇ. ಬಣ್ಣವನ್ನಂತೂ ನೆಚ್ಚಿಕೊಳ್ಳಲೇಬೇಡಿ. ಇದೇ ಗಿಡ ಒಂದು ಕಡೆ ಕಡು ನೇರಳೆ, ಇನ್ನೊಂದು ಕಡೆ ತಿಳಿ ನೀಲಿ, ಅಪರೂಪಕ್ಕೆ ಪೂರ್ತಿ ಬಿಳಿ ಬಿಡುವುದೂ ಉಂಟು. ಮೊಬೈಲ್ ಕ್ಯಾಮೆರಾ ನೀಲಿಯನ್ನು ನೇರಳೆ ಮಾಡುತ್ತದೆ, ನೇರಳೆಯನ್ನು ನೀಲಿ ಮಾಡುತ್ತದೆ. ಈ ಗಿಡವನ್ನು ಹಿಂದಿನಿಂದ ನೋಡಬೇಕು, ಆಮೇಲೆ ಕೆಳಗಿನಿಂದ ನೋಡಬೇಕು.

ಇವತ್ತು ಸಂಜೆ ಗದ್ದೆಗೆ ಹೋದಾಗ ಒಂದು ಹೂವನ್ನು ಕೀಳದೆ, ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಪಕ್ಕಕ್ಕೆ ತಿರುಗಿಸಿ. ಮೊದಲು ಕಾಣುವುದು ಎರಡು ತುಟಿ. ಮೇಲಿನದು ಚಿಕ್ಕದು, ನೆಟ್ಟಗೆ ನಿಂತಿರುತ್ತದೆ. ಕೆಳಗಿನದು ಅಗಲ, ದುಂಡಗೆ, ಸ್ವಲ್ಪ ಕೆಳಕ್ಕೆ ಇಳಿದಿರುತ್ತದೆ. ಇಡೀ ಹೂವಿನ ಉದ್ದ ಸುಮಾರು ಒಂದರಿಂದ ಎರಡು ಸೆಂಟಿಮೀಟರ್. ಕೆಳತುಟಿಯ ಬುಡದಲ್ಲಿ, ಮೇಲಿನ ತುಟಿಗೆ ಒತ್ತಿಕೊಂಡ ಹಾಗೆ, ಒಂದು ಉಬ್ಬು ಇದೆ. ಹೂವಿನ ಬಾಯಿಯನ್ನು ಮುಚ್ಚಿರುವುದು ಅದೇ. ಆ ಉಬ್ಬಿನ ಸುತ್ತಮುತ್ತ ಬಿಳಿ ಬಣ್ಣ, ಅದರ ಮೇಲೆ ಕಡು ನೇರಳೆ ಗೆರೆಗಳು. ಬರಿಗಣ್ಣಿಗೆ ಮಚ್ಚೆ ಅನಿಸುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಹ್ಯಾಂಡ್ ಲೆನ್ಸ್ ಹಿಡಿದರೆ ಗೆರೆಗಳು ಒಂದಕ್ಕೊಂದು ಕೂಡಿ ಕವಲೊಡೆದು ಜಾಲವಾಗಿರುವುದು ಗೊತ್ತಾಗುತ್ತದೆ. ರೆಟಿಕ್ಯುಲೇಟಾ ಅನ್ನುವ ಹೆಸರು ಆ ಜಾಲದಿಂದಲೇ ಬಂದದ್ದು. ನಿಮ್ಮ ಎರಡನೇ ಫೋಟೋವನ್ನು ಹಿಗ್ಗಿಸಿ ನೋಡಿದಾಗ ಅದು ಮಸುಕಾಗಿ ಕಂಡಿತು.

ಈಗ ಬಾಲ. ಕೆಳತುಟಿಯ ಅಡಿಯಿಂದ ಹೊರಟು, ತುದಿಗೆ ಹೋದ ಹಾಗೆ ಚೂಪಾಗುವ ಟೊಳ್ಳು ಕೊಳವೆ ಅದು. ಹೂವಿನ ಜೇನು ಇರುವುದು ಅದರೊಳಗೆ. ಜೇನ್ನೊಣ ಬಂದು ಕೆಳತುಟಿಯ ಮೇಲೆ ಕೂತಾಗ ಅದರ ಭಾರಕ್ಕೆ ತುಟಿ ಬಗ್ಗಿ ಬಾಯಿ ತೆರೆಯುತ್ತದೆ. ಅದು ನಾಲಿಗೆಯನ್ನು ಬಾಲದೊಳಗೆ ಇಳಿಸುವಾಗ ತಲೆ-ಬೆನ್ನಿಗೆ ಪರಾಗ ಮೆತ್ತುತ್ತದೆ. ಒಳಗೆ ಕೇಸರ ಇರುವುದು ಎರಡೇ.

ಬಾಲಕ್ಕಿಂತಲೂ ಗಟ್ಟಿ ಗುರುತು ಅದರ ಹಿಂದೆ ಇದೆ. ಹೂವು ದಂಟಿಗೆ ಸೇರುವ ಜಾಗದಲ್ಲಿ ಹಸಿರು ಪುಷ್ಪಪಾತ್ರೆ ಇರುತ್ತದಲ್ಲ, ಅದರ ಹಾಳೆಗಳನ್ನು ಎಣಿಸಿ. ಎರಡೇ ಎರಡು. ಮೇಲೊಂದು, ಕೆಳಗೊಂದು. ನಮ್ಮ ಸುತ್ತಲಿನ ಎರಡು ತುಟಿಯ ಹೂವುಗಳಲ್ಲಿ ಹೆಚ್ಚಿನವಕ್ಕೆ ಈ ಹಾಳೆ ಐದು ಇರುತ್ತವೆ. ಎರಡು ತುಟಿ, ಹಿಂದೆ ಬಾಲ, ಎರಡೇ ಹಸಿರು ಹಾಳೆ, ಎಲೆಯಿಲ್ಲದ ದಂಟು: ಇಷ್ಟೂ ಒಟ್ಟಿಗೆ ಸಿಕ್ಕರೆ ನಮ್ಮ ಗದ್ದೆಗಳಲ್ಲಿ ಅದು ಯುಟ್ರಿಕ್ಯುಲೇರಿಯಾ ಬಿಟ್ಟು ಬೇರೆ ಆಗಲಾರದು. ಹೂವು ಉದುರಿದ ಮೇಲೂ ಈ ಎರಡು ಹಾಳೆ ಉಳಿಯುತ್ತವೆ, ದೊಡ್ಡದಾಗಿ ಕಾಯಿಯನ್ನು ಎರಡೂ ಕಡೆಯಿಂದ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಹೂವಿನ ಕಾಲ ಮುಗಿದ ಮೇಲೂ ಗುರುತು ಹಿಡಿಯಬಹುದು.

ಆ್ಯಪ್ ಟೊರೇನಿಯಾ ಅಂದದ್ದು ಪೂರ್ತಿ ತಲೆಬುಡವಿಲ್ಲದ ಮಾತಲ್ಲ. ಟೊರೇನಿಯಾ, ಅದರ ಹತ್ತಿರದ ಲಿಂಡರ್ನಿಯಾ ಎರಡೂ ಗದ್ದೆ ಹುಣಿಯ (ಬದುವಿನ) ಮೇಲೆ, ಇದೇ ಕಾಲದಲ್ಲಿ, ಇದೇ ಬಣ್ಣದಲ್ಲಿ ಅರಳುತ್ತವೆ. ಅವಕ್ಕೂ ಎರಡು ತುಟಿ. ಆದರೆ ಬಾಲ ಇಲ್ಲ, ಎದುರು ಬದುರಾಗಿ ಜೋಡಿಸಿದ ಎಲೆಗಳು ಚೆನ್ನಾಗಿಯೇ ಕಾಣುತ್ತವೆ. ಡೊಪಾಟ್ರಿಯಂ ಇನ್ನೂ ಮೋಸದ್ದು. ನೀರು ನಿಂತ ಗದ್ದೆಯಲ್ಲಿ, ಮುರಕಲ್ಲು (ಜಂಬಿಟ್ಟಿಗೆ) ಪಾರೆಯ, ಅಂದರೆ ಬಂಡೆ ಹಾಸಿನ, ಗುಂಡಿಗಳಲ್ಲಿ ಬರುವ ತೆಳ್ಳಗಿನ ಗಿಡ. ಮೇಲುಭಾಗದಲ್ಲಿ ಎಲೆ ಇದ್ದೂ ಇಲ್ಲದ ಹಾಗೆ, ಹೂವು ತಿಳಿ ನೇರಳೆ. ದೂರದಿಂದ ಎರಡೂ ಒಂದೇ ಅನಿಸುತ್ತದೆ. ಹತ್ತಿರ ಹೋಗಿ ಹಿಂದೆ ನೋಡಿದರೆ ಬಾಲ ಇಲ್ಲ, ಅಲ್ಲಿಗೆ ಮುಗಿಯಿತು.

ಎಲೆ ಕಾಣದ ಇನ್ನೊಂದು ನೀಲಿ ಹೂವು ಬರ್ಮಾನಿಯಾ. ಜೌಗು ಹುಲ್ಲಿನಲ್ಲಿ ಒಂಟಿ ದಂಟಿನ ಮೇಲೆ ನಿಲ್ಲುತ್ತದೆ. ಅದರ ಹೂವಿಗೆ ತುಟಿಯೇ ಇಲ್ಲ. ನೀಲಿ ಕೊಳವೆ, ಅದರ ಉದ್ದಕ್ಕೂ ಮೂರು ರೆಕ್ಕೆ. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಮೂರು ಎಸಳಿನ ನೀಲಿ ಹೂವಾದರೆ ಮರ್ಡಾನಿಯಾ ಇರಬಹುದು, ನಾಲ್ಕು ಎಸಳು ಮತ್ತು ನಡುವೆ ಹಳದಿ ಕೇಸರ ಎದ್ದು ಕಂಡರೆ ಎಕ್ಸಾಕಮ್. ಆರು ಎಸಳು, ಪಕ್ಕದಲ್ಲೇ ಹೊಳೆಯುವ ಅಗಲ ಎಲೆ ಇದ್ದರೆ ಗದ್ದೆಯ ಮೊನೊಕೋರಿಯಾ.

ಇನ್ನು ಆರ್ಕಿಡ್ ಮಾತು. ನಿಮ್ಮ ಪಕ್ಕದ ಮನೆಯವರು ಬಾಲ ನೋಡಿ ಹೇಳಿರಬೇಕು. ಅವರ ಗಮನ ಒಳ್ಳೆಯದೇ. ಮಳೆಗಾಲದಲ್ಲಿ ಪಾರೆಯ ಮೇಲೆ ಅರಳುವ ಹ್ಯಾಬನೇರಿಯಾ ಅನ್ನುವ ನೆಲದ ಆರ್ಕಿಡ್‌ಗಳಿಗೂ ಉದ್ದ ಬಾಲ ಇದೆ. ಗೌರಿ ಹೂವಿನ ಬಳಗದ ಇಂಪೇಷಿಯನ್ಸ್‌ಗಳಿಗೂ ಇದೆ. ಅದಕ್ಕೇ ಬರೀ ಬಾಲ ನೋಡಿ ತೀರ್ಮಾನ ಮಾಡಬಾರದು. ಆರ್ಕಿಡ್ ಆದರೆ ಹೂವಿನ ಕೆಳಗೆ ತೊಟ್ಟು ದಪ್ಪಗಾದ ಹಾಗೆ ಕಾಣುತ್ತದೆ. ಅದು ತೊಟ್ಟಲ್ಲ, ಮುಂದೆ ಕಾಯಿಯಾಗುವ ಭಾಗ. ಅಂದರೆ ಆರ್ಕಿಡ್‌ನಲ್ಲಿ ಕಾಯಿ ಹೂವಿನ ಕೆಳಗೆ ಬೆಳೆಯುತ್ತದೆ. ನಿಮ್ಮ ಗಿಡದಲ್ಲಿ ಕಾಯಿ ಆ ಎರಡು ಹಸಿರು ಹಾಳೆಗಳ ನಡುವೆ, ಹೂವಿನ ಒಳಗೇ ಬೆಳೆಯುತ್ತದೆ. ಇಂಪೇಷಿಯನ್ಸ್‌ಗಾದರೆ ಎಲೆ ಇದ್ದೇ ಇರುತ್ತದೆ, ದಂಟು ಮುರಿದರೆ ನೀರು ತುಂಬಿಕೊಂಡಿರುತ್ತದೆ.

ಹೂವಿನ ವಿಷಯ ಇಷ್ಟು. ನನಗೆ ಈ ಗಿಡದಲ್ಲಿ ಹೂವಿಗಿಂತ ಇಷ್ಟವಾಗುವುದು ಕೆಸರಿನ ಒಳಗಿನ ಭಾಗ. ಅದನ್ನು ನೀವು ಖಂಡಿತ ನೋಡಬೇಕು.

ಮಗಳು ಕಿತ್ತಾಗ ಬೇರು ಬರಲಿಲ್ಲ ಅಂದಿರಿ. ಈ ಕುಲದ ಗಿಡಗಳಿಗೆ ನಿಜವಾದ ಬೇರು ಇಲ್ಲವೇ ಇಲ್ಲ. ಹೂದಂಟಿನ ಬುಡದಿಂದ ಕೂದಲಿನಷ್ಟು ಸಣ್ಣ ಎಳೆಗಳು ಕೆಸರಿನಲ್ಲಿ ಅಡ್ಡಡ್ಡ ಹರಡಿರುತ್ತವೆ. ಆ ಎಳೆಗಳಿಂದ ಅಲ್ಲೊಂದು ಇಲ್ಲೊಂದು ಹುಲ್ಲಿನ ಎಸಳಿನಂಥ ಕಿರಿದಾದ ಎಲೆ ಮೇಲೆ ಬರುತ್ತದೆ. ಹೂ ಬಿಡುವ ಹೊತ್ತಿಗೆ ಎಷ್ಟೋ ಎಲೆ ಹೋಗಿರುತ್ತವೆ, ಉಳಿದದ್ದು ಹುಲ್ಲಿನ ನಡುವೆ ಕೆಸರು ಮೆತ್ತಿಕೊಂಡು ಕಣ್ಣಿಗೆ ಬೀಳುವುದಿಲ್ಲ. ಕಿತ್ತಾಗ ಎಳೆ ತುಂಡಾಗಿ ಕೆಸರಲ್ಲೇ ಉಳಿಯುತ್ತದೆ, ಕೈಗೆ ಬರುವುದು ಬೋಳು ದಂಟು.

ಹಾಗಾಗಿ ಕೀಳಬೇಡಿ, ಎತ್ತಬೇಕು. ಹೂವು ಒತ್ತಾಗಿ ಬಂದ ಕಡೆ ಒಂದೇ ಒಂದು ಗಿಡವನ್ನು, ಸುತ್ತಲಿನ ನಾಲ್ಕು ಬೆರಳಗಲದ ಕೆಸರಿನ ಸಮೇತ, ಸೌಟಿನಲ್ಲಿ ಎತ್ತಿ. ಬಿಳಿ ಪಿಂಗಾಣಿ ತಟ್ಟೆಗೆ ಮಳೆನೀರು ಹಾಕಿ, ಅದರಲ್ಲಿ ಇಡಿ. ಕೈ ಹಾಕಿ ಮಣ್ಣು ಒಡೆಯಬೇಡಿ. ಒಂದೆರಡು ಗಂಟೆ ಸುಮ್ನೆ ಬಿಟ್ಟರೆ ಮಣ್ಣು ತಾನೇ ಸಡಿಲವಾಗುತ್ತದೆ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿ, ಕೆಸರು ನೀರು ಬಸಿದು, ಹೊಸ ನೀರು ಹಾಕಿ. ಇದನ್ನು ನಾಲ್ಕೈದು ಸಲ ಮಾಡಿದರೆ ಹುಲ್ಲಿನ ಬೇರಿನ ನಡುವೆ ಬಿಳಿಚಾದ ಎಳೆಗಳು ಕಾಣಿಸುತ್ತವೆ. ಹುಲ್ಲಿನ ಬೇರಿಗೂ ಇದಕ್ಕೂ ವ್ಯತ್ಯಾಸ ಲೆನ್ಸ್ ಹಿಡಿದ ತಕ್ಷಣ ಗೊತ್ತಾಗುತ್ತದೆ: ಈ ಎಳೆಗಳ ಮೇಲೆ, ಕಿರುಎಲೆಗಳ ಮೇಲೂ, ಸಣ್ಣ ಕಾಲಿನ ತುದಿಯಲ್ಲಿ ಪಾರದರ್ಶಕ ಗುಳ್ಳೆಗಳಿರುತ್ತವೆ. ಗಾತ್ರ ಒಂದು ಮಿಲಿಮೀಟರ್ ಆಸುಪಾಸು. ಕೆಲವು ಗುಳ್ಳೆಯ ಒಳಗೆ ಕಪ್ಪು ಚುಕ್ಕೆ ಇರುತ್ತದೆ. ಅದು ಊಟ.

ಗುಳ್ಳೆ ಕೆಲಸ ಮಾಡುವ ರೀತಿ ಕೇಳಿ. ಪ್ರತಿ ಗುಳ್ಳೆಗೂ ಒಂದು ಬಾಯಿ, ಬಾಯಿಗೆ ಒಳಮುಖವಾಗಿ ಮಾತ್ರ ತೆರೆಯುವ ಬಾಗಿಲು. ಗಿಡ ಗುಳ್ಳೆಯ ಒಳಗಿನ ನೀರನ್ನು ಸತತವಾಗಿ ಹೊರಗೆ ಪಂಪ್ ಮಾಡುತ್ತಿರುತ್ತದೆ. ಒಳಗೆ ಒತ್ತಡ ಕಡಿಮೆಯಾಗಿ ಗುಳ್ಳೆಯ ಎರಡೂ ಬದಿ ಒಳಕ್ಕೆ ಕುಗ್ಗುತ್ತವೆ. ಇಂಕ್ ಫಿಲ್ಲರ್‌ನ ರಬ್ಬರ್ ಒತ್ತಿ ಹಿಡಿದ ಹಾಗೆ ಅಂದುಕೊಳ್ಳಿ. ಬಾಗಿಲ ಹೊರಗೆ ಕೆಲವು ಸೂಕ್ಷ್ಮ ರೋಮಗಳಿವೆ. ಮಣ್ಣಿನ ನೀರಿನಲ್ಲಿ ಓಡಾಡುವ ಯಾವುದೋ ಸಣ್ಣ ಜೀವಿ ಆ ರೋಮಕ್ಕೆ ತಾಗಿದರೆ ಸಾಕು, ಬಾಗಿಲು ಒಳಕ್ಕೆ ಬಿಚ್ಚಿಕೊಳ್ಳುತ್ತದೆ, ಗುಳ್ಳೆ ಉಬ್ಬುತ್ತದೆ, ನೀರಿನ ಜೊತೆ ಜೀವಿಯೂ ಒಳಗೆ. ಬಾಗಿಲು ಮತ್ತೆ ಮುಚ್ಚುತ್ತದೆ. ನೀರು ಒಳಗೆ ನುಗ್ಗುವುದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು, ಕೆಲವದರಲ್ಲಿ ಅದಕ್ಕೂ ಕಡಿಮೆ. ಸಸ್ಯಲೋಕದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ನಂತರ ಕಿಣ್ವಗಳು ಹಿಡಿದದ್ದನ್ನು ಕರಗಿಸುತ್ತವೆ, ಗುಳ್ಳೆ ಮತ್ತೆ ನೀರು ಹೊರಹಾಕಿ ಅರ್ಧ ಗಂಟೆಯ ಒಳಗೆ ಮುಂದಿನ ಬೇಟೆಗೆ ತಯಾರಾಗುತ್ತದೆ.

ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಈ ಗುಳ್ಳೆಗಳ ಬಗ್ಗೆ ಬರೆದಾಗ, ಜೀವಿಗಳು ತಾವೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತವೆ ಅಂದುಕೊಂಡಿದ್ದರು. ಅದೇ ಕಾಲದಲ್ಲಿ ಅಮೆರಿಕದ ಪ್ರಕೃತಿ ವಿಜ್ಞಾನಿ ಮೇರಿ ಟ್ರೀಟ್ ಮೈಕ್ರೋಸ್ಕೋಪ್ ಮುಂದೆ ಗಂಟೆಗಟ್ಟಲೆ ಕೂತು, ಜೀವಿಗಳು ಒಳಕ್ಕೆ ಎಳೆಯಲ್ಪಡುವುದನ್ನು ಕಂಡರು. ಅವರು ಕಂಡದ್ದೇ ಸರಿಯಾಗಿತ್ತು.

ನಿಮ್ಮ ಗದ್ದೆಯ ಗುಳ್ಳೆಗಳು ಹಿಡಿಯುವುದು ಬರಿಗಣ್ಣಿಗೆ ಕಾಣದಂಥ ಜೀವಿಗಳನ್ನು: ಏಕಕೋಶ ಜೀವಿಗಳು, ಜಂತುಹುಳದ ಜಾತಿಯ ಸೂಕ್ಷ್ಮ ಹುಳುಗಳು, ಅಂಥವು. ಕೈ ಹಾಕಿದರೆ ಏನೂ ಆಗದು, ಮಗಳಿಗೆ ಧೈರ್ಯವಾಗಿ ಮುಟ್ಟಲು ಹೇಳಿ. ಊರಿನ ಕೆರೆಯಲ್ಲಿ ಹಳದಿ ಹೂವು ಬಿಟ್ಟು ತೇಲುವ ಯುಟ್ರಿಕ್ಯುಲೇರಿಯಾ ಆರಿಯಾ ಇದ್ದರೆ ಅದನ್ನೂ ತೋರಿಸಿ. ಅದರ ಗುಳ್ಳೆ ದೊಡ್ಡದು, ಲೆನ್ಸ್ ಇಲ್ಲದೆಯೂ ಕಾಣುತ್ತದೆ, ಸೊಳ್ಳೆಯ ಮರಿಹುಳುವನ್ನೂ ಹಿಡಿಯುತ್ತದೆ. ನೋಡಿ ಮುಗಿದ ಮೇಲೆ ತಟ್ಟೆಯ ಗಿಡವನ್ನು ತೆಗೆದ ಜಾಗದಲ್ಲೇ ಕೆಸರಿಗೆ ಸೇರಿಸಿಬಿಡಿ.

ಕುಲ ಗೊತ್ತಾಯಿತು. ಜಾತಿ ಹೇಳುವುದು ಇನ್ನೊಂದು ಮಜಲಿನ ಕೆಲಸ, ಅಲ್ಲಿ ಸ್ವಲ್ಪ ತಾಳ್ಮೆ ಬೇಕು. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಯುಟ್ರಿಕ್ಯುಲೇರಿಯಾಗಳಿವೆ. ನಮ್ಮ ಕರಾವಳಿ ಮತ್ತು ಘಟ್ಟದಲ್ಲೇ ನೀಲಿ-ನೇರಳೆ ಹೂವಿನವು ಹಲವಾರು. ಹಾಗಿದ್ದರೂ ರೆಟಿಕ್ಯುಲೇಟಾ ಅಂತ ನಾನು ಹೇಳಿದ್ದಕ್ಕೆ ಕಾರಣ ಇದೆ.

ಮೊದಲನೆಯದು, ಸುತ್ತಿಕೊಳ್ಳುವ ದಂಟು. ರೆಟಿಕ್ಯುಲೇಟಾ ಹುಲ್ಲನ್ನೋ ಭತ್ತದ ದಂಟನ್ನೋ ಸುತ್ತಿಕೊಂಡು ಒಂದು ಅಡಿಯವರೆಗೂ ಏರುತ್ತದೆ. ನೀಲಿ ಹೂವಿನವುಗಳಲ್ಲಿ ಹೆಚ್ಚಿನವು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ. ಆದರೆ ಒಂದು ಎಚ್ಚರ: ಹುಲ್ಲು ಇಲ್ಲದ ಬಯಲಲ್ಲಿ ರೆಟಿಕ್ಯುಲೇಟಾವೂ ಗೇಣುದ್ದಕ್ಕೆ ನೆಟ್ಟಗೇ ನಿಂತಿರುತ್ತದೆ. ಸುತ್ತಿಕೊಂಡಿದ್ದರೆ ಅದು ಸಾಕ್ಷಿ. ಸುತ್ತಿಕೊಳ್ಳದಿದ್ದರೆ ಅದರಿಂದ ಏನೂ ಹೇಳಲಾಗದು. ಎರಡನೆಯದು ಹೂವಿನ ಗಾತ್ರ ಮತ್ತು ಆ ಜಾಲ. ಯುಟ್ರಿಕ್ಯುಲೇರಿಯಾ ಯುಲಿಜಿನೋಸಾ ಕೂಡ ಒದ್ದೆ ಮರಳಲ್ಲಿ, ಗದ್ದೆಯಲ್ಲಿ ಬರುತ್ತದೆ, ಆದರೆ ಅದರ ಹೂವು ಎಷ್ಟೋ ಸಣ್ಣದು. ಆಲ್ಬೊಸೆರೂಲಿಯಾ ಅನ್ನುವುದರ ಕೆಳತುಟಿಯಲ್ಲಿ ಬಿಳಿ ಭಾಗ ಅಗಲವಾಗಿ ಹರಡಿರುತ್ತದೆ, ದೂರದಿಂದಲೇ ಬಿಳಿ-ನೀಲಿ ಎರಡು ಬಣ್ಣ ಬೇರೆ ಬೇರೆ ಕಾಣುತ್ತದೆ.

ಮೂರನೆಯದನ್ನು ನೀವೇ ನೋಡಬೇಕು, ಫೋಟೋದಲ್ಲಿ ಕಾಣುತ್ತಿಲ್ಲ. ಪ್ರತಿ ಹೂವಿನ ತೊಟ್ಟು ದಂಟಿಗೆ ಅಂಟುವ ಜಾಗದಲ್ಲಿ ಒಂದು ಪುಟ್ಟ ಪೊರೆ ಇರುತ್ತದೆ, ಒಂದೆರಡು ಮಿಲಿಮೀಟರ್ ಉದ್ದ. ಸೂಜಿಯ ತುದಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿ ನೋಡಿ. ರೆಟಿಕ್ಯುಲೇಟಾ ಮತ್ತು ಅದರ ಹತ್ತಿರದ ಬಳಗದಲ್ಲಿ ಈ ಪೊರೆ ಬುಡದಲ್ಲಿ ಅಂಟಿಕೊಂಡಿರುತ್ತದೆ. ಹಾಗಾಗಿ ಮೇಲಿನ ತುದಿ ಮಾತ್ರ ಏಳುತ್ತದೆ. ಯುಟ್ರಿಕ್ಯುಲೇರಿಯಾ ಸೆರೂಲಿಯಾದಲ್ಲಿ ಪೊರೆ ನಡುಮಧ್ಯ ಅಂಟಿರುತ್ತದೆ, ಮೇಲಿನ ತುದಿಯೂ ಬಿಡಿ, ಕೆಳಗಿನ ತುದಿಯೂ ಬಿಡಿ. ಈ ಸೆರೂಲಿಯಾ ನಮ್ಮಲ್ಲಿ ತುಂಬಾ ಸಾಮಾನ್ಯ, ಹೂವು ದಂಟಿನ ತುದಿಯಲ್ಲಿ ಒತ್ತೊತ್ತಾಗಿ ಇರುತ್ತದೆ, ಬಣ್ಣ ಗುಲಾಬಿಯಿಂದ ನೇರಳೆಯವರೆಗೆ ಏನೂ ಆಗಬಹುದು. ಹೆಸರಿನಲ್ಲಿ ನೀಲಿ ಇದೆ ಅಂತ ನಂಬಿ ಕೂತರೆ ಕಷ್ಟ. ಒಂದು ಸೂಜಿ, ಒಂದು ಲೆನ್ಸ್ ಇದ್ದರೆ ಈ ಎರಡು ಗುಂಪು ಬೇರೆ ಮಾಡುವುದಕ್ಕೆ ಎರಡು ನಿಮಿಷ ಸಾಕು. ಈ ಪೊರೆಯ ಪರೀಕ್ಷೆಯ ಮೇಲೆ ನನಗೆ ತುಂಬಾ ಭರವಸೆ. ಬಣ್ಣ ಮಾಸುತ್ತದೆ, ಹೂವು ಬಾಡುತ್ತದೆ, ಪೊರೆ ಅಂಟಿದ ಜಾಗ ಬದಲಾಗುವುದಿಲ್ಲ.

ಘಟ್ಟದ ಕಡೆ ಹೋದರೆ, ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ರಸ್ತೆ ಬದಿಯ ನೀರು ಒಸರುವ ಬಂಡೆಯ ಹಾವಸೆಯ ಮೇಲೆ ಇನ್ನೊಂದು ಬರುತ್ತದೆ, ಸ್ಟ್ರಯಾಟುಲಾ. ತಿಳಿ ನೇರಳೆ ಅಥವಾ ಬಿಳಿ ಹೂವು, ಮೇಲಿನ ತುಟಿ ಇಲ್ಲವೇನೋ ಅನ್ನುವಷ್ಟು ಚಿಕ್ಕದು, ಕೆಳತುಟಿ ಐದು ಹೋಳು, ನಡುವೆ ಹಳದಿ ಚುಕ್ಕೆ. ಅದರ ದುಂಡು ಎಲೆಗಳು ಹಾವಸೆಯ ಮೇಲೆ ಅಂಟಿಕೊಂಡಿರುವುದೂ ಕಾಣುತ್ತದೆ. ಮಹಾರಾಷ್ಟ್ರದ ಕಾಸ್ ಪಠಾರದಲ್ಲಿ ನೆಲವೇ ನೇರಳೆಯಾದ ಫೋಟೋಗಳನ್ನು ನೀವು ನೋಡಿರಬಹುದು. ಆ ಬಣ್ಣದಲ್ಲಿ ದೊಡ್ಡ ಪಾಲು ಪರ್ಪ್ಯುರಾಸೆನ್ಸ್ ಅನ್ನುವ ಯುಟ್ರಿಕ್ಯುಲೇರಿಯಾದ್ದು. ಮರಾಠಿಯಲ್ಲಿ ಅದಕ್ಕೆ ಸೀತೇಚೀ ಆಸವೇ, ಸೀತೆಯ ಕಣ್ಣೀರು, ಅನ್ನುತ್ತಾರೆ.

ನಿಮ್ಮ ಕಡೆಯೇ ಸಿಗುವ ಇನ್ನೊಂದರ ಬಗ್ಗೆ ಹೇಳದೆ ಹೋದರೆ ತಪ್ಪಾದೀತು. ಯುಟ್ರಿಕ್ಯುಲೇರಿಯಾ ಸೆಸಿಲೈ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿದ್ದ ಪೀಟರ್ ಟೇಲರ್ ಈ ಕುಲವನ್ನು ಜೀವನವಿಡೀ ಅಭ್ಯಾಸ ಮಾಡಿದವರು. ಅವರು 1984ರಲ್ಲಿ ಕರ್ನಾಟಕ ಕರಾವಳಿಯ ಈ ಗಿಡವನ್ನು ಹೊಸ ಜಾತಿ ಅಂತ ವಿವರಿಸಿದರು. ಮುರಕಲ್ಲಿನ ಒದ್ದೆ ಹುಲ್ಲು ಬಯಲೇ ಅದರ ಮನೆ. ನಮ್ಮ ಪದವುಗಳ (ಮುರಕಲ್ಲಿನ ಎತ್ತರದ ಬಯಲುಗಳ) ಮೇಲೆ ಇಂಥದ್ದು ಇರುವಾಗ, ಕಂಡ ನೀಲಿಯನ್ನೆಲ್ಲ ಒಂದೇ ಹೆಸರಲ್ಲಿ ಕರೆದು ಮುಂದೆ ಹೋಗುವುದು ಸರಿಯಲ್ಲ ಅಂತ ನನ್ನ ಅನಿಸಿಕೆ. ಪದವಿನ ಮೇಲಿನ ಹೂವುಗಳಲ್ಲಿ ಕೆಲವನ್ನು ಹೂವಿನಿಂದ ಬೇರೆ ಮಾಡಲು ಆಗುವುದೇ ಇಲ್ಲ. ಬಲಿತ ಬೀಜವನ್ನು ಮೈಕ್ರೋಸ್ಕೋಪ್‌ನಲ್ಲಿಟ್ಟು ಅದರ ಮೈಮೇಲಿನ ಗೆರೆ-ಗುಳಿ ನೋಡಬೇಕು. ನಿಮ್ಮದು ಗದ್ದೆ, ದಂಟು ಸುತ್ತಿಕೊಂಡಿದೆ, ಹೂವು ದೊಡ್ಡದು, ಜಾಲ ಇದೆ. ಹಾಗಾಗಿ ಇಲ್ಲಿ ಅಷ್ಟು ದೂರ ಹೋಗಬೇಕಿಲ್ಲ.

ಈಗ ಭತ್ತದ ವಿಷಯ. ಹಳೇ ಕೃಷಿ ಪಟ್ಟಿಗಳಲ್ಲಿ ಇದನ್ನು ಗದ್ದೆಯ ಕಳೆಗಳ ಸಾಲಿಗೆ ಸೇರಿಸಿದ್ದಾರೆ, ಸುತ್ತಿಕೊಳ್ಳುತ್ತದೆ ಅನ್ನುವ ಕಾರಣಕ್ಕೆ. ನನ್ನ ಲೆಕ್ಕದಲ್ಲಿ ನೀವು ಹೆದರಬೇಕಾದ ಕಳೆ ಇದಲ್ಲ. ಇದಕ್ಕೆ ಬೇರಿಲ್ಲ, ಪೈರಿನ ಗೊಬ್ಬರ ಕಸಿಯುವ ಶಕ್ತಿ ಇಲ್ಲ. ದಂಟು ದಾರದಷ್ಟು ತೆಳು, ಪೈರನ್ನು ಬಗ್ಗಿಸುವ ಭಾರವೂ ಇಲ್ಲ. ನೆರಳು ಮಾಡುವ ಎಲೆಯಂತೂ ಇಲ್ಲವೇ ಇಲ್ಲ. ಮಳೆಗಾಲ ಮುಗಿದು ನೆಲ ಒಣಗಿದಾಗ ಗಿಡ ಸಾಯುತ್ತದೆ, ದೂಳಿನಷ್ಟು ಸಣ್ಣ ಬೀಜ ಮಣ್ಣಲ್ಲಿ ಉಳಿದು ಮುಂದಿನ ಮಳೆಗೆ ಮೊಳೆಯುತ್ತದೆ. ನಿಮ್ಮ ಗದ್ದೆಯಲ್ಲಿ ಬೇರೆ ಜಾತಿಯ ಗಟ್ಟಿ ಹುಲ್ಲು, ಜೇಕು ಬಂದಿರುತ್ತವೆ. ಕಳೆ ಕೀಳುವ ಶ್ರಮ ಅವಕ್ಕೆ ಇರಲಿ.

ಯಾಕೆ ಈಗ ಇಷ್ಟೊಂದು ಬಂತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮುಂದೆ ಏನು ಮಾಡಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಈ ಗಿಡಕ್ಕೆ ಬೇಕಾದದ್ದು ಮೂರು: ಬಿಸಿಲು, ನಿಂತ ಅಥವಾ ಒಸರುವ ನೀರು, ಸಾರವಿಲ್ಲದ ಮಣ್ಣು. ಮುರಕಲ್ಲಿನ ನೆಲದಲ್ಲಿ ಮಣ್ಣಿನ ಪದರ ತೆಳು, ಸುರಿಯುವ ಮಳೆಗೆ ಸಾರಜನಕ-ರಂಜಕ ತೊಳೆದುಹೋಗುತ್ತವೆ. ಬೇರೆ ಗಿಡಗಳು ಸೊರಗುವ ಆ ಜಾಗದಲ್ಲಿ ಗುಳ್ಳೆಯಿಂದ ಊಟ ಹಿಡಿಯುವ ಗಿಡ ಗೆಲ್ಲುತ್ತದೆ. ಅದಕ್ಕೇ ಪಾರೆಯ ಮೇಲೆ ಇದರ ಬಳಗದ ಜೊತೆ ಇನ್ನೊಂದು ಬೇಟೆಗಾರ ಗಿಡ ಡ್ರೊಸೆರಾ ಕೂಡ ಕಾಣುತ್ತದೆ. ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲಾನ್ ಅಂತೂ ಇದ್ದೇ ಇರುತ್ತದೆ. ನಿಮ್ಮ ಗದ್ದೆಗೆ ಕೆಲವು ವರ್ಷದಿಂದ ಗೊಬ್ಬರ ಬಿದ್ದಿಲ್ಲ, ಕಳೆನಾಶಕ ಬಿದ್ದಿಲ್ಲ, ಉತ್ತಿಲ್ಲ, ನೀರು ಮಾತ್ರ ನಿಂತಿದೆ. ಹೂವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಹಾಗಂತ ಗದ್ದೆಯನ್ನು ಹೀಗೇ ಬಿಟ್ಟರೆ ಹೂವು ಉಳಿಯುತ್ತದೆ ಅಂದುಕೊಳ್ಳಬೇಡಿ. ಹಡಿಲು ಬಿಟ್ಟ ಗದ್ದೆಯಲ್ಲಿ ವರ್ಷ ಕಳೆದ ಹಾಗೆ ಎತ್ತರದ ಹುಲ್ಲು, ಆಮೇಲೆ ಪೊದೆ ಬರುತ್ತದೆ. ನೆರಳು ಬಿದ್ದ ಮೇಲೆ ಈ ಗಿಡ ನಿಲ್ಲುವುದಿಲ್ಲ. ಈಗ ಹಸು ಮೇಯುತ್ತಿದ್ದರೆ ಮೇಯಲಿ, ಅದರಿಂದ ಹುಲ್ಲು ಗಿಡ್ಡವಾಗಿರುತ್ತದೆ, ಹೂವಿಗೆ ಅನುಕೂಲವೇ. ಭತ್ತ ಹಾಕುವ ಯೋಚನೆಗೂ ಇದಕ್ಕೂ ಜಗಳ ಇಲ್ಲ. ಇದು ಕಾಲಕಾಲದಿಂದ ಭತ್ತದ ಜೊತೆ ಬದುಕಿದ ಗಿಡ. ಕೈಲಾದರೆ ಒಂದು ಮಾಡಿ: ಹುಣಿಯ ಕೆಳಗಿನ ಅಂಚಿನಲ್ಲಿ, ನೀರು ಸದಾ ಒಸರುವ ಕಡೆ, ಎರಡು ಮಾರಿನಷ್ಟು ಜಾಗ ಉಳದೆ, ಗೊಬ್ಬರ ಎರಚದೆ ಬಿಡಿ. ಕಳೆನಾಶಕ ಹೊಡೆಯುವುದಾದರೆ ಆ ಅಂಚಿಗೆ ಹೋಗದ ಹಾಗೆ ನೋಡಿಕೊಳ್ಳಿ. ಬೀಜ ಅಲ್ಲಿಂದ ಮತ್ತೆ ಹರಡುತ್ತದೆ.

ನಿಜವಾದ ಅಪಾಯ ಇರುವುದು ಮೇಲಿನ ಪದವುಗಳಿಗೆ. ಅಲ್ಲಿ ಮುರಕಲ್ಲು ಕೋರೆ ತೆಗೆದರೆ ಮೇಲಿನ ಒಂದು ಗೇಣು ಮಣ್ಣು-ಕಲ್ಲು ಮೊದಲು ಹೋಗುತ್ತದೆ, ಈ ಹೂವುಗಳ ಬೀಜ ಇರುವುದು ಅದರಲ್ಲೇ. ಸರಕಾರಿ ದಾಖಲೆಯಲ್ಲಿ ಆ ಜಾಗ ಬಂಜರು. ಎಂಟು ತಿಂಗಳು ನೋಡಿದವರಿಗೆ ಹಾಗೇ ಕಾಣುತ್ತದೆ ಕೂಡ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಏನೇನು ಅರಳುತ್ತದೆ ಅಂತ ಬರೆದಿಟ್ಟವರು ಇಲ್ಲದಿದ್ದರೆ ಅದನ್ನು ಬಂಜರು ಅಲ್ಲ ಅನ್ನಲು ಯಾವ ಆಧಾರವೂ ಇರುವುದಿಲ್ಲ. ಅದಕ್ಕೇ ನಿಮ್ಮಂಥವರ ಫೋಟೋ ನನಗೆ ಮುಖ್ಯ.

ಇನ್ನೊಮ್ಮೆ ಫೋಟೋ ತೆಗೆಯುವುದಾದರೆ ಬೆಳಿಗ್ಗೆ, ಮಳೆ ಬಿಟ್ಟ ಹೊತ್ತಲ್ಲಿ ತೆಗೆಯಿರಿ. ಬಿರುಬಿಸಿಲಲ್ಲಿ ನೀಲಿ ಬಿಳಿಚಿಕೊಳ್ಳುತ್ತದೆ. ಎದುರಿನ ಫೋಟೋ ಇದ್ದೇ ಇದೆ. ಪಕ್ಕದಿಂದ ಒಂದು ಬೇಕು, ಬಾಲ ಪೂರ್ತಿ ಕಾಣುವ ಹಾಗೆ, ಹಿಂದೆ ಬಿಳಿ ಕಾಗದ ಹಿಡಿದು, ಜೊತೆಗೆ ಮಕ್ಕಳ ಸ್ಕೇಲ್ ಇಟ್ಟು. ಹಿಂದಿನಿಂದ ಒಂದು, ಎರಡು ಹಸಿರು ಹಾಳೆ ತೋರುವಂತೆ. ತೊಟ್ಟಿನ ಬುಡದ ಪೊರೆಯದ್ದು ಮೊಬೈಲ್‌ಗೆ ಸಿಗುವುದು ಕಷ್ಟ, ಲೆನ್ಸನ್ನು ಕ್ಯಾಮೆರಾ ಮುಂದೆ ಒತ್ತಿ ಹಿಡಿದರೆ ಬರುತ್ತದೆ. ಹದಿನೈದು ದಿನ ಬಿಟ್ಟು ಕಾಯಿ ಕಟ್ಟಿದ ಮೇಲೆ ಅದೇ ದಂಟಿನದ್ದು ಇನ್ನೊಂದು, ಕಾಯಿಯ ತೊಟ್ಟು ನೆಟ್ಟಗಿದೆಯೋ ಕೆಳಕ್ಕೆ ಬಾಗಿದೆಯೋ ಗೊತ್ತಾಗಬೇಕು. ಜಾಗದ ಫೋಟೋ ಒಂದು ಸಾಕು, ನೀರು ಎಷ್ಟಿದೆ, ಸುತ್ತ ಏನಿದೆ ಅಂತ ತಿಳಿಯಲು. ದಿನಾಂಕವನ್ನು ಮರೆಯದೆ ಬರೆಯಿರಿ. ಮತ್ತೆ, ಮನೆ ಮೇಲಿನ ಪದವಿಗೆ ಹೋಗಲು ಸಾಧ್ಯವಾದರೆ ಅಲ್ಲಿನ ನೀಲಿ ಹೂವನ್ನೂ ಇದೇ ಕ್ರಮದಲ್ಲಿ ತೆಗೆದು ಬೇರೆಯಾಗಿ ಕಳಿಸಿ. ಅಲ್ಲಿನದು ಗದ್ದೆಯದ್ದೇ ಇರಬಹುದು, ಬೇರೆಯೂ ಇರಬಹುದು. ಪೊರೆ ಮತ್ತು ಕಾಯಿ ನೋಡಿದ ಮೇಲೆ ಹೇಳುತ್ತೇನೆ.